ಬಾಗಿಲು ತೆಗೆಯಬೇಡಿ

"ಅಯ್ಯೋ, ನಿಲ್ಲಿ ನಿಲ್ಲಿ... ಬೀಳಿಸ್ತೀರಾ."

ಆಸ್ಪತ್ರೆಯ ರಕ್ತಪರೀಕ್ಷೆ ಲ್ಯಾಬಿನ ಗಾಜಿನ ಬಾಗಿಲ ಮುಂದೆ, ಗಲ್ಲದವರೆಗೂ ರಟ್ಟಿನ ಪೆಟ್ಟಿಗೆ ಹೊತ್ತು ನಿಂತಿದ್ದವಳಿಗೆ ದನಿ ಮಾತ್ರ ಕೇಳಿಸಿತು. ಯಾರೋ ಬಾಗಿಲು ತೆಗೆದು, ಅದು ಮುಚ್ಚಿಕೊಳ್ಳದಂತೆ ಕಾಲು ಕೊಟ್ಟು ನಿಂತು, ಮೇಲಿನ ಪೆಟ್ಟಿಗೆಯನ್ನು ಎತ್ತಿಕೊಂಡರು.

ಆಗ ಮುಖ ಕಂಡಿತು. ಬಿಳಿ ಕೋಟು, ದಣಿದ ಕಣ್ಣು, ಆ ದಣಿವಿನಲ್ಲೂ ಸಣ್ಣ ನಗು.

"ನಿಮ್ಮ ಬೆರಳು ನೋಡ್ಕೊಳ್ಳಿ. ರಕ್ತ ಬರ್ತಿದೆ."

ರಟ್ಟಿನ ಅಂಚು ಯಾವಾಗ ಕೊಯ್ದಿತ್ತೋ ಅವಳಿಗೆ ಗೊತ್ತೇ ಆಗಿರಲಿಲ್ಲ. ಎದೆ ಅಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತು.

"ಇಲ್ಲಿ ರಕ್ತ ಕೊಡೋಕೆ ಜನ ಸಾಲಲ್ಲಿ ನಿಲ್ತಾರೆ. ನೀವು ಸಾಲು ತಪ್ಪಿಸಿ ಬಂದ್ರಿ," ಎಂದು ಅವನು ಕುರ್ಚಿ ಎಳೆದು ಕೂರಿಸಿದ. "ಕೂತಿರಿ, ಪಟ್ಟಿ ತರ್ತೀನಿ."

ಅವನು ಬೆನ್ನು ತಿರುಗಿಸಿದ. ಅವಳು ಜೇಬಿನಿಂದ ಕೆಂಪು ಸ್ಟಿಕ್ಕರ್ ತೆಗೆದು ಪಕ್ಕದ ಕಂಪ್ಯೂಟರಿನ ಹಿಂಭಾಗಕ್ಕೆ ಅಂಟಿಸಿದಳು.

ಅಷ್ಟೇ ಕೆಲಸ. ಅಷ್ಟಕ್ಕೇ ಅವಳು ಬಂದಿದ್ದು.

ಅವನು ಗಾಯ ತೊಳೆದು, ಉರಿಯದಿರಲೆಂದು ಊದಿ, ಪಟ್ಟಿ ಸುತ್ತಿದ. ಈಗಷ್ಟೇ ಸ್ಟಿಕ್ಕರ್ ಅಂಟಿಸಿದ್ದೂ ತನ್ನ ಅದೇ ಕೈ ಎಂದು ನೆನೆದು ಅವಳು ಮುಖ ತಿರುಗಿಸಿದಳು.

'ಕೈ ಬಿಡಿ... ಇಷ್ಟು ಒಳ್ಳೆಯವರಾಗಬೇಡಿ...'

* * *

ಅವಳು ಆಸ್ಪತ್ರೆಯ ಸೈಬರ್ ಭದ್ರತಾ ವಿಭಾಗಕ್ಕೆ ಹೊಸದಾಗಿ ಸೇರಿದ್ದಳು. ಓದು ಮುಗಿಸಿ ಹಿಡಿದ ಮೊದಲ ಕೆಲಸ. ಅವಳ ಮುಖ ಯಾರಿಗೂ ಪರಿಚಯವಿರಲಿಲ್ಲ. ಹಾಗಾಗಿಯೇ ವಿಭಾಗದ ಮೇಡಂ ಅವಳ ಕೊರಳಿನ ಗುರುತಿನ ಕಾರ್ಡು ಕಳಚಿಸಿ, ಖಾಲಿ ಪೆಟ್ಟಿಗೆ ಹೊರಿಸಿ ಕಳಿಸಿದ್ದರು. ಕಾರ್ಡಿಲ್ಲದ ಅಪರಿಚಿತರನ್ನು ಯಾರು ಒಳಗೆ ಬಿಡುತ್ತಾರೆ ಎಂಬ ಪರೀಕ್ಷೆ. ಒಳಗೆ ಹೋದ ಗುರುತಿಗೆ ಆ ಕೆಂಪು ಸ್ಟಿಕ್ಕರ್.

ಔಷಧದಂಗಡಿಯವರು ಬಿಡಲಿಲ್ಲ. ಎಕ್ಸ್‌ರೇ ಕೋಣೆಯವರು ಗದರಿ ಕಳಿಸಿದರು. ಬಿಟ್ಟವನು ಅವನೊಬ್ಬನೇ.

"ಭೇಷ್," ಎಂದರು ಮೇಡಂ.

"ಮೇಡಂ, ಅವರು ನನ್ನ ಕೈ ತುಂಬಿತ್ತು ಅಂತ..."

"ಕಳ್ಳರೂ ಕೈ ತುಂಬ್ಕೊಂಡೇ ಬರ್ತಾರೆ ಮಗು." ಮೇಡಂ ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಕಂಪ್ಯೂಟರಲ್ಲಿ ಯಾರಿಗೆ ಯಾವ ಗುಂಪಿನ ರಕ್ತ ಅಂತ ಇದೆ. ಒಂದಕ್ಷರ ಬದಲಾದ್ರೆ ಒಂದು ಜೀವ. ಯಾರಿಗೂ ಹೇಳದೆ ಬಿಡೋಣವಾ?"

ವರದಿ ಮೇಲಿನವರಿಗೆ ಹೋಯಿತು.

ಆ ಸಲ ಖಾಯಂ ಆಗಬೇಕಿದ್ದ ಅವನ ಕೆಲಸ ಮುಂದಕ್ಕೆ ಹೋಯಿತು. ಬಾಗಿಲ ಮೇಲೆ ಕ್ಯಾಮೆರಾ ಬಂತು. ಇನ್ನೊಮ್ಮೆ ಕಾರ್ಡಿಲ್ಲದವರನ್ನು ಒಳಗೆ ಬಿಟ್ಟರೆ ಕೆಲಸವೇ ಇಲ್ಲ ಎಂದು ಮೇಲಿನವರು ಎಚ್ಚರಿಸಿದರು.

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿದರು. "ಬೀಗ ಕಾಯೋ ಕೆಲಸ ಅಂದೆ. ಈಗ ಬೀಗ ತೆಗೆದ ಪುಣ್ಯಾತ್ಮನಿಗೇ ಶಿಕ್ಷೆ ಅಂತೀಯ. ಇದ್ಯಾವ ಸೀಮೆ ಕೆಲಸವೇ?"

"ಒಳ್ಳೆ ಕೆಲಸಾನೇ ಅಮ್ಮ."

"ಮತ್ತೆ ಯಾಕೆ ದನಿ ಸಪ್ಪಗಿದೆ?"

ಕ್ಯಾಂಟೀನಿನಲ್ಲಿ ಒಂದು ದಿನ ಧೈರ್ಯ ಮಾಡಿ ಅವನ ಮೇಜಿನ ಬಳಿ ಹೋದಳು.

"ನಿಮ್ಮ ಹತ್ರ ಕ್ಷಮೆ..."

"ಇದು ಯಾವ ಪರೀಕ್ಷೆ ಮೇಡಂ?" ಅವನು ತಟ್ಟೆ ಎತ್ತಿಕೊಂಡು ಎದ್ದ. "ಕ್ಷಮಿಸಿದ್ರೆ ಫೇಲಾ, ಪಾಸಾ? ಬೆರಳು ಕೊಯ್ಕೊಂಡು ಬಂದಿರಲ್ಲ, ಅದನ್ನೂ ಕಾಲೇಜಲ್ಲೇ ಕಲಿಸಿದ್ರಾ?"

ಅವಳು ಅಲ್ಲೇ ನಿಂತಳು.

'ಬೆರಳು... ಅದೂ ನಾಟಕ ಅಂದುಕೊಂಡಿದ್ದಾರಾ?'

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇನ್ನು ತನ್ನ ಬಾಯಿಂದ ಬರುವ ಯಾವ ಮಾತನ್ನೂ ಅವನು ನಂಬುವುದಿಲ್ಲ ಎಂಬುದೇ ಒಳಗೆ ಮುಳ್ಳಿನಂತೆ ಮುರಿದುಕೊಂಡು ಕೂತಿತು. ಆದರೂ ಮಧ್ಯಾಹ್ನ ಮೆಟ್ಟಿಲಿಳಿಯುವಾಗ ಕಣ್ಣು ಆ ಗಾಜಿನ ಬಾಗಿಲ ಕಡೆಗೇ ಹೊರಳುತ್ತಿತ್ತು. ರಕ್ತ ಕೊಡಲು ಹೆದರುವ ಮಕ್ಕಳಿಗೆ ಅವನು ಕೈಗವುಸು ಊದಿ ಕೋಳಿ ಮಾಡಿಕೊಡುವುದನ್ನು ಅವಳು ಕಂಡಿದ್ದಳು. ಅಂಥ ದಿನ ಕೆಲಸ ಸ್ವಲ್ಪ ಹಗುರವೆನಿಸುತ್ತಿತ್ತು. ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳಲು ಮಾತ್ರ ಹೋಗಲಿಲ್ಲ.

* * *

ಅಂದು ಬೆಳಗ್ಗೆ ಅವಳ ಪರದೆಯ ಮೇಲೆ ಒಂದು ಕೆಂಪು ಗೆರೆ ಎದ್ದಿತು.

ಲ್ಯಾಬಿನ ಕಂಪ್ಯೂಟರೊಂದು ಅಕ್ಕಪಕ್ಕದ ಕಂಪ್ಯೂಟರುಗಳ ಬಾಗಿಲನ್ನು ಒಂದೊಂದಾಗಿ ತಟ್ಟುತ್ತಿತ್ತು. ಒಳಗೆ ಸೇರಿದ ಯಾವುದೋ ವೈರಸ್ಸು ಕಡತಗಳಿಗೆ ಬೀಗ ಜಡಿಯುತ್ತಾ ಹೊರಟಿತ್ತು.

"ಮೇಡಂ... ಇದು ಪರೀಕ್ಷೆ ಅಲ್ಲ."

ಮೇಡಂ ಆಗಲೇ ಮೇಜಿನ ಫೋನು ಹಿಡಿದಿದ್ದರು. ಇಡೀ ಕಟ್ಟಡದ ಸಂಪರ್ಕ ಕಡಿಯಲು ಅವರಿಗೆ ಮೇಲಿನವರ ಒಪ್ಪಿಗೆ ಬೇಕು. ಆದರೆ ಹಾಗೆ ಕಡಿದರೆ ಆಪರೇಷನ್ ಕೋಣೆಯ ಪರದೆಯಲ್ಲೂ ಏನೂ ಕಾಣುವುದಿಲ್ಲ. ಒಳಗೆ ಒಬ್ಬ ಬಾಣಂತಿಗೆ ರಕ್ತ ಕೊಡುತ್ತಿದ್ದರು.

"ಲ್ಯಾಬಿನ ಆ ಒಂದು ಕಂಪ್ಯೂಟರಿನ ಕೇಬಲ್ ಕಿತ್ತರೆ ಸಾಕು. ಹೇಳು ಅವರಿಗೆ," ಎಂದರು ಮೇಡಂ, ರಿಸೀವರಿಗೆ ಕೈ ಮುಚ್ಚಿ.

ಅವಳು ತನ್ನ ಮೊಬೈಲಿನಿಂದ ಲ್ಯಾಬಿಗೆ ಕರೆ ಮಾಡಿದಳು. ಎತ್ತಿದವನು ಅವನೇ.

"ಕಿಟಕಿ ಪಕ್ಕದ ಕಂಪ್ಯೂಟರಿನ ನೀಲಿ ಕೇಬಲ್ ಕಿತ್ತುಬಿಡಿ. ಈಗಲೇ. ದಯವಿಟ್ಟು."

ಆ ಕಡೆಯಿಂದ ಉತ್ತರ ಖಡಕ್ಕಾಗಿ ಬಂತು.

"ಫೋನಲ್ಲಿ ಯಾರೇ ಹೇಳಿದ್ರೂ ಏನೂ ಮುಟ್ಟಬಾರದು ಅಂತ ನೀವೇ ಕಲಿಸಿದ್ದು. ಗೋಡೆ ಮೇಲಿರೋ ನಿಮ್ಮ ವಿಭಾಗದ ನಂಬರಿಗೆ ನಾನೇ ಮಾಡಿ ಕೇಳ್ಕೋತೀನಿ."

ಕರೆ ಕಡಿಯಿತು. ಅವನು ಮಾಡಿದ್ದು ಸರಿಯಾಗಿಯೇ ಇತ್ತು. ಆದರೆ ಗೋಡೆಯ ಮೇಲಿದ್ದ ನಂಬರು ಮೇಡಂ ಮಾತಾಡುತ್ತಿದ್ದ ಫೋನಿನದೇ. ಅವನಿಗೆ ಸಿಗುವುದು 'ಬ್ಯುಸಿ' ಎಂಬ ಸದ್ದು ಮಾತ್ರ.

ಅವಳು ಓಡಿದಳು. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು, ತಳ್ಳುಗಾಡಿಗೆ ದಾರಿ ಬಿಟ್ಟು, ಗಾಜಿನ ಬಾಗಿಲ ಮುಂದೆ ಏದುಸಿರು ಬಿಡುತ್ತಾ ನಿಂತಳು. ಕೊರಳಿಗೆ ಕೈ ಹೋಯಿತು.

ಕಾರ್ಡು ಇರಲಿಲ್ಲ. ಮೇಲೆ ಮೇಜಿನ ಮೇಲೆಯೇ ಬಿಟ್ಟಿದ್ದಳು.

ಮತ್ತೆ ಅದೇ ಬಾಗಿಲು. ಮತ್ತೆ ಕಾರ್ಡಿಲ್ಲದ ಅವಳು.

ಒಳಗಿನಿಂದ ಅವನು ನೋಡಿದ. ಬೆವರಿದ ಮುಖ, ಕೆದರಿದ ಕೂದಲು... ಅವನ ಕೈ ಬಾಗಿಲ ಹಿಡಿಯ ಮೇಲೆ ಬಂತು. ತಲೆಯ ಮೇಲೆ ಕ್ಯಾಮೆರಾದ ಕಣ್ಣು ಉರಿಯುತ್ತಿತ್ತು.

'ತೆಗೆದುಬಿಡ್ತಾರೆ. ಇವರ ಜೀವಕ್ಕೆ ಅದೇ ಗೊತ್ತಿರೋದು. ತೆಗೆದ್ರೆ ಕೆಲಸ ಹೋಗುತ್ತೆ...'

"ಬೇಡ!" ಅವಳು ಗಾಜಿಗೆ ಅಂಗೈ ಒತ್ತಿದಳು. "ಬಾಗಿಲು ತೆಗೆಯಬೇಡಿ."

ಅವನು ಬೆಚ್ಚಿ ನಿಂತ.

"ನನ್ನ ಮಾತು ನಂಬಬೇಡಿ. ಆ ನಂಬರಿಗೆ ಇನ್ನೊಂದು ಸಲ ಮಾಡಿ. ಲೈನು ನಾನು ಬಿಡಿಸ್ತೀನಿ."

ಮೊಬೈಲಿನಲ್ಲಿ ಮೇಡಂಗೆ ಕರೆ ಹೋಯಿತು. "ಮೇಡಂ, ಮೇಜಿನ ಫೋನು ಕೆಳಗಿಡಿ. ಯಾರೇ ಇರಲಿ, ಇಟ್ಟುಬಿಡಿ."

ಸೇರಿ ಕೆಲವೇ ತಿಂಗಳಾದ ಹುಡುಗಿ ಹೇಳಿದ ಮಾತಿಗೆ ಮೇಡಂ ಎದುರು ಹೇಳಲಿಲ್ಲ. ಇಟ್ಟರು.

ಅವನು ಫೋನಿನ ಗುಂಡಿ ಒತ್ತಿದ. ಕೇಳಿಸಿಕೊಂಡ. ಮುಖದ ಬಣ್ಣ ಬದಲಾಯಿತು. ರಿಸೀವರನ್ನು ನೇತಾಡಲು ಬಿಟ್ಟು ಕಿಟಕಿಯತ್ತ ಓಡಿದ. ಯಂತ್ರದ ಹಿಂದೆ ಬಳ್ಳಿಗಳಂತೆ ಹೆಣೆದುಕೊಂಡ ಕೇಬಲ್ಲುಗಳು, ನೀಲಿಯವೇ ಮೂರ್ನಾಲ್ಕು. ಅವನು ಒಂದನ್ನು ಹಿಡಿದು ಅವಳತ್ತ ನೋಡಿದ. ಅವಳು ತಲೆಯಾಡಿಸಿದಳು, ಅಲ್ಲ. ಇನ್ನೊಂದು. ಅಲ್ಲ. ಅದರ ಕೆಳಗಿನದು...

ಹೌದು.

ಕಿತ್ತ.

ಮೊಬೈಲಿನಲ್ಲಿ ಮೇಡಂ ನಿಟ್ಟುಸಿರು. "ನಿಂತಿತು ಮಗು. ಇನ್ನೆಲ್ಲೂ ಹರಡಿಲ್ಲ. ಆಪರೇಷನ್ ಕೋಣೆಯವರಿಗೆ ಗೊತ್ತೂ ಆಗಿಲ್ಲ." ಸ್ವಲ್ಪ ತಡೆದು ಸೇರಿಸಿದರು, "ಕಾರ್ಡು ಇಲ್ಲೇ ಬಿಟ್ಟು ಹೋಗಿದ್ದೀಯ. ಅದಕ್ಕೆ ಆಮೇಲೆ ಬೈತೀನಿ. ಈಗ ಸ್ವಲ್ಪ ಕೂತ್ಕೋ."

ಅವಳು ಗಾಜಿಗೆ ಹಣೆಯಾನಿಸಿದಳು.

ಆ ಕಡೆಯಿಂದ ಅವನು ಹತ್ತಿರ ಬಂದ. ಬಾಗಿಲು ಮುಚ್ಚಿಯೇ ಇತ್ತು.

"ತೆಗೀತಿದ್ದೆ ನಾನು," ಎಂದ ಮೆಲ್ಲಗೆ. "ನೀವು ಬೇಡ ಅನ್ನದೇ ಹೋಗಿದ್ರೆ."

"ಗೊತ್ತು. ಅದಕ್ಕೇ ಅಂದೆ."

ಅವನು ನೆಲ ನೋಡಿದ. "ಒಂದು ಕೇಳ್ಲಾ? ಅವತ್ತು... ಬೆರಳು ನಿಜವಾಗ್ಲೂ ಕೊಯ್ದಿತ್ತಾ?"

ಅವಳು ಆ ಬೆರಳನ್ನು ಗಾಜಿಗೆ ಒತ್ತಿ ಹಿಡಿದಳು. ತುದಿಯಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಬಿಳಿ ಗೆರೆ. ಅವನು ಬಗ್ಗಿ ಅದನ್ನೇ ನೋಡಿದ, ಹನಿ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವನ ಹಾಗೆ.

"ಬಾಗಿಲು ಪರೀಕ್ಷೆ ಆಗಿತ್ತು," ಎಂದಳು ಅವಳು. ಕಣ್ಣು ತುಂಬಿತ್ತು. "ಪಟ್ಟಿ ಪರೀಕ್ಷೆ ಆಗಿರಲಿಲ್ಲ. ನೀವು ಊದಿದ್ರಲ್ಲ... ಅದನ್ನ ಇವತ್ತಿಗೂ ಮರೆಯೋಕಾಗಿಲ್ಲ. ದಿನಾ ಈ ಬಾಗಿಲ ಮುಂದೇನೇ ಹಾದು ಹೋಗ್ತೀನಿ. ನನ್ನ ದಾರಿ ಇದಲ್ಲ, ಆದ್ರೂ."

"ಗೊತ್ತು," ಎಂದ ಅವನು. "ನಿಮ್ಮ ದಾರಿ ಅಲ್ಲ ಅಂತ ನಂಗೂ ಗೊತ್ತು. ಕೋಪ ಮಾಡ್ಕೊಂಡೇ ಕಾಯ್ತಿದ್ದೆ."

ಒಳಗಿದ್ದ ಹಿರಿಯ ಸಹೋದ್ಯೋಗಿಗೆ ಏನೋ ಹೇಳಿ ಅವನು ಹೊರಗೆ ಬಂದ. ಬಾಗಿಲು ಪೂರ್ತಿ ಮುಚ್ಚಿಕೊಂಡಿತಾ ಎಂದು ಎಳೆದು ನೋಡಿದ. ಅವಳಿಗೆ ಅಳುವಿನ ನಡುವೆಯೂ ನಗು ಬಂತು.

"ಮೇಲೆ ಹೇಗೆ ಹೋಗ್ತೀರಾ?"

"ಹೋಗೋಕಾಗಲ್ಲ. ಆ ಬಾಗಿಲಿಗೂ ಕಾರ್ಡು ಬೇಕು. ಯಾರಾದ್ರೂ ತಂದುಕೊಡೋವರೆಗೂ ನಾನು ಹೊರಗೇ."

ಅವನು ಕಾರಿಡಾರಿನ ಬೆಂಚನ್ನು ಕೋಟಿನ ತೋಳಿನಿಂದ ಒರೆಸಿದ. ಅವಳು ಕೂತಳು. ಪಕ್ಕದಲ್ಲಿ ಅವನೂ ಕೂತ.

"ನಿಮಗೆ ಒಳಗೆ ಕೆಲಸ ಇಲ್ವಾ?"

"ಇದೆ. ಕರೆದಾಗ ಹೋಗ್ತೀನಿ." ಅವನು ಅಂಗೈ ಬಿಚ್ಚಿ ಅವಳ ಮುಂದೆ ಹಿಡಿದ. "ಈಗ ನಿಮ್ಮನ್ನ ನಂಬಬಹುದಾ?"

ಅವಳು ಆ ಬೆರಳನ್ನೇ ಅವನ ಅಂಗೈಯಲ್ಲಿಟ್ಟು, ಮೊದಲ ಸಲ ಏಕವಚನದಲ್ಲಿ ಹೇಳಿದಳು.

"ಪರೀಕ್ಷೆ ಮಾಡಿ ನೋಡು."