ಅರ್ಧ ತುಟಿ

ಕನ್ನಡಿಯ ಮೇಲೆ ತುಟಿಯ ಗುರುತು. ಕಡುಗೆಂಪು, ಇನ್ನೂ ಹಸಿ. ಆದರೆ ಅರ್ಧ ತುಟಿ ಮಾತ್ರ — ನಟ್ಟನಡುವೆ ಗೆರೆ ಕೊಯ್ದಂತೆ ನಿಂತುಹೋಗಿತ್ತು.

ಸೊಸೆ ಬಾಗಿಲಲ್ಲೇ ಬೆಚ್ಚಿ ನಿಂತಳು. ವಾರಾ ವಾರಾ ಹೆಂಗಸರನ್ನು ಈ ಕೋಣೆಗೆ ಕರೆದು ಕ್ರೀಮು, ಲಿಪ್‌ಸ್ಟಿಕ್ ಮಾರುವ ಕೆಲಸ ಬಿಟ್ಟು, ಉಳಿದ ಸರಕನ್ನೆಲ್ಲ ಬ್ಯೂಟಿಷಿಯನ್ ತರಬೇತಿ ಶಾಲೆಗೆ ಸಾಗಿಸಿ, ಕೋಣೆ ತೊಳೆದು ಬೀಗ ಹಾಕಿದ್ದಳು. ಒಳಗಿದ್ದದ್ದು ಒಂದು ಸ್ಟೂಲು, ಎದುರಿಗೆ ತಗ್ಗಿನಲ್ಲಿ ತೂಗುಹಾಕಿದ ಕನ್ನಡಿ. ಆದರೂ ಪ್ರತಿ ಬೆಳಿಗ್ಗೆ ಗುಲಾಬಿ ಕ್ರೀಮಿನ ವಾಸನೆ ಹೊಸದಾಗಿ ಏಳುತ್ತಿತ್ತು.

“ನಿದ್ದೇಲಿ ನೀನೇ ಮಾಡ್ತಿದೀಯ. ನಾಳೆ ಡಾಕ್ಟರ ಹತ್ರ ಹೋಗೋಣ,” ಎಂದ ಗಂಡ.

ಅವಳಿಗೂ ಅದೇ ಭಯ. ತನ್ನ ಕೈಯನ್ನೇ ನಂಬಲಾಗದೆ ಪಕ್ಕದ ಮನೆಯ ಲ್ಯಾಬ್ ಮೇಡಂ ಬಳಿಗೆ ಓಡಿದಳು. ಪೊಲೀಸರಿಗಾಗಿ ಕಲೆಗಳನ್ನು ಪರೀಕ್ಷಿಸಿ ನಿವೃತ್ತರಾದವರು ಅವರು.

ಮೇಡಂ ಕನ್ನಡಿಯ ಮುಂದೆ ಬಾಗಿದರು.

“ಬೀಗದ ಕೈ ಯಾರ ಹತ್ರ?”

“ಮನೇಲೇ, ಮೊಳೆಗೆ ನೇತುಹಾಕಿರ್ತೀವಿ.”

“ನಿನ್ನನ್ನ ಈ ಮಾರೋ ಕೆಲಸಕ್ಕೆ ಸೇರಿಸಿದ ಲೀಡರ್ ಬಂದಿದ್ರಾ?”

“ಜಗಳ ಆಡಿ ಹೋದವರು ಈ ಬೀದಿಗೇ ಕಾಲಿಟ್ಟಿಲ್ಲ.”

“ನಿನ್ನ ಗಂಡ?”

“ಲಿಪ್‌ಸ್ಟಿಕ್ ಮುಚ್ಚಳ ತೆಗೆಯೋಕೂ ಬರಲ್ಲ ಅವರಿಗೆ.”

ಹಾಲಿನಲ್ಲಿ ಟಿವಿಗೆ ಮುಖ ಅಂಟಿಸಿಕೊಂಡು ಕೂತಿದ್ದ ಅತ್ತೆ ಕೂಗಿದರು: “ಅರ್ಧ ಬಾಯಿ ದೆವ್ವ ಅಲ್ವೇನೇ? ಪುಣ್ಯ, ಅರ್ಧ ಮಾತೇ ಆಡುತ್ತೆ!”

ಮೇಡಂ ಸ್ಟೂಲಿನ ಕಡೆ ತಿರುಗಿದರು.

“ಮಾರುವಾಗ ಹೇಗೆ ತೋರಿಸ್ತಿದ್ದೆ?”

“ಒಬ್ಬರನ್ನ ಸ್ಟೂಲ್ ಮೇಲೆ ಕೂರಿಸಿ, ಅರ್ಧ ಮುಖಕ್ಕೆ ಮಾತ್ರ ಹಚ್ಚೋದು. ಇನ್ನರ್ಧ ಹಾಗೇ. ವ್ಯತ್ಯಾಸ ಕಾಣ್ಲಿ ಅಂತ…” ಸೊಸೆ ಟಿವಿಯ ಕಡೆ ತಿರುಗಿದಳು.

“ಯಾರನ್ನ ಕೂರಿಸ್ತಿದ್ದೆ?”

ಹಾಲಿನಲ್ಲಿ ಟಿವಿ ಆರಿತು.

“‘ಯಾರ ತುಟಿ’ ಅಂತ ಹುಡುಕಿದಿರಿ,” ಎಂದರು ಮೇಡಂ. “‘ಅರ್ಧವೇ ಯಾಕೆ’ ಅಂತ ಕೇಳ್ಕೊಳ್ಳಲಿಲ್ಲ. ಗುರುತು ಕೂತವರ ಎತ್ತರದಲ್ಲಿದೆ. ತುಟಿ ಗಾಜಿಗೇ ತಾಗಿದೆ — ಅಷ್ಟು ಹತ್ತಿರ ಹೋಗದೆ ಮುಖ ಕಾಣದ ಕಣ್ಣು. ಪೊರೆ ಬಂದಿರೋದು ನಿಮಗೇ ಅಲ್ವಾ, ಅಮ್ಮಾ?”

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಒಂದು ಕೆನ್ನೆ ಇನ್ನೂ ತುಸು ಹೊಳೆಯುತ್ತಿತ್ತು. ಇನ್ನೊಂದು ಬೂದಿಯಂತೆ ಒಣಗಿತ್ತು. ಮುಷ್ಟಿ ಬಿಚ್ಚಿದರು. ಸರಕಿನ ಜೊತೆ ಹೋಗದಂತೆ ಎತ್ತಿಟ್ಟುಕೊಂಡಿದ್ದ ಸವೆದ ಲಿಪ್‌ಸ್ಟಿಕ್, ಪುಟ್ಟ ಕ್ರೀಮಿನ ಡಬ್ಬಿ.

“ನೀನು ಹಚ್ಚೋ ಹಾಗೇ ಹಚ್ಕೊಂಡೆ ಕಣೇ.”

“ನನಗೇ ಹುಚ್ಚು ಅಂದ್ಕೊಂಡಿದ್ದೆ ಅತ್ತೆ! ಹೇಳಬಾರದಿತ್ತಾ?”

“ಏನಂತ ಹೇಳಲಿ, ನಾಚಿಕೆಗೇಡು. ವಾರಾ ವಾರಾ ನನ್ನ ಗಲ್ಲ ಹಿಡೀತಿದ್ದೆ. ವ್ಯಾಪಾರ ಬಿಟ್ಟ ಮೇಲೆ ಈ ಮುಖ ಮುಟ್ಟಿದವರು ಯಾರು?”

ಸೊಸೆ ಅವರನ್ನು ಸ್ಟೂಲಿನ ಮೇಲೆ ಕೂರಿಸಿದಳು. ಗಲ್ಲ ಹಿಡಿದು, ಇದುವರೆಗೆ ಎಂದೂ ಬಣ್ಣ ಕಾಣದಿದ್ದ ಅರ್ಧಕ್ಕೆ ಹಚ್ಚತೊಡಗಿದಳು.