ಉಸಿರು ಸಿಗುವ ಸಾಲು

ನನ್ನ ಉತ್ತರ ಓದಿ ಮೇಷ್ಟ್ರು ನಕ್ಕುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

"'ಕವಿಗೆ ಏದುಸಿರು ಬಂದಿದೆ' ಅಂತ ಬರ್ದಿದೀರಲ್ಲ! ಇದಕ್ಕೆ ಯಾರು ಮಾರ್ಕ್ಸ್ ಕೊಡ್ತಾರೆ?"

"ಬಂದಿದೆ, ಅದಕ್ಕೇ ಬರ್ದೆ."

ಹಗಲೆಲ್ಲ ನಾನು ಅಂಚೆ ಹಂಚುವವಳು. ಸಂಜೆ ಲೈಬ್ರರಿಯ ಮಹಡಿಯಲ್ಲಿ ಇವರ ಪಾಠ. ಮೇಷ್ಟ್ರು ಎಂದರೂ ನನಗಿಂತ ಎರಡೇ ವರ್ಷಕ್ಕೆ ದೊಡ್ಡವರು. ಅವರ ಮಾತೆತ್ತಿದರೆ ಸಾಕು, ನನ್ನ ಮುಖ ಊರಗಲ ಆಗುತ್ತದೆ ಎಂದು ಅಕ್ಕ ಆಡಿಕೊಳ್ಳುತ್ತಾಳೆ. ಸಾಹಿತ್ಯದ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಮತ್ತೆ ಪರೀಕ್ಷೆಗೆ ಎರಡೇ ದಿನ ಉಳಿದಿತ್ತು, ಆ ಸಂಜೆಯದೇ ಕೊನೆಯ ಪಾಠ. ಪಾಸಾದರೆ ಈ ಮನುಷ್ಯನನ್ನು ನೋಡಲು ನನಗೆ ನೆಪವೇ ಉಳಿಯುತ್ತಿರಲಿಲ್ಲ. ಅದೇ ನನ್ನ ಸಂಕಟ.

ಆ ಪದ್ಯ ಹಳೆಯದು, ಬೆಟ್ಟವನ್ನು ಕುರಿತದ್ದು. ಬೆಟ್ಟ ಅನಂತದ ಸಂಕೇತ, ತೊರೆ ಬದುಕಿನ ಸಂಕೇತ ಎಂದೆಲ್ಲ ನೋಟ್ಸ್ ಬರೆಸಿದ್ದರು. ಸಾಲುಗಳು ಯಾಕೆ ಇಷ್ಟು ಚಿಕ್ಕವು ಎಂದು ಕೇಳಿದರೆ ಮಾತ್ರ, "ಅದು ಶೈಲಿ" ಎಂದು ಜಾರಿಕೊಳ್ಳುತ್ತಿದ್ದರು.

"ಎದ್ದೇಳಿ, ಪುಸ್ತಕ ತಗೊಳ್ಳಿ," ಎಂದೆ.

"ಎಲ್ಲಿಗೆ?"

"ನಾನು ದಿನಾ ಕಾಗದ ಹಂಚೋ ಗುಡ್ಡದ ಬೀದಿಗೆ. ನೂರಾ ಹದಿನಾಲ್ಕು ಮೆಟ್ಟಿಲು. ಪದ್ಯ ಗಟ್ಟಿಯಾಗಿ ಓದ್ತಾ ಹತ್ತಬೇಕು."

ಪಾಪ, ಮೂವತ್ತನೇ ಮೆಟ್ಟಿಲಿಗೇ ಕನ್ನಡಕ ಮೂಗಿನ ತುದಿಗೆ ಬಂದಿತ್ತು.

"ಕಲ್ಲು... ಮೇಲೆ ಕಲ್ಲು... ತೊರೆಯ ಸೊಲ್ಲು... ತುಸು ನಿಲ್ಲು..."

ಸಾಲು ಮುಗಿಯುವಲ್ಲೇ ಸರಿಯಾಗಿ ಉಸಿರೂ ಮುಗಿಯುತ್ತಿತ್ತು. ಅವರು ಗಕ್ಕನೆ ನಿಂತು ನನ್ನತ್ತ ತಿರುಗಿದರು.

"ಅಯ್ಯೋ! ಈ ಪುಣ್ಯಾತ್ಮ ಬೆಟ್ಟ ಹತ್ತುತ್ತಾ ಇದಾನೆ!"

"ನಾನು ಬರೆದಿದ್ದೂ ಅದನ್ನೇ. ನೀವು ಹಲ್ಲು ಕಿರಿದ್ರಿ."

"ತಪ್ಪಾಯ್ತು, ತಾಯಿ," ಎಂದರು. ಕಿವಿ ಕೆಂಪಾಗಿತ್ತು. ಆ ನೋಟ ಮಾತ್ರ ನನ್ನ ಮೇಲಿಂದ ಕದಲಲಿಲ್ಲ. ನಾನೇ ನಾಚಿ ಮುಂದೆ ಹತ್ತಿದೆ.

ಮೇಲಿನ ಮೆಟ್ಟಿಲಲ್ಲಿ ಕೂತೆವು. ಕೆಳಗೆ ಯಾರೋ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದರು. ಸುಧಾರಿಸಿಕೊಂಡು ಮೇಷ್ಟ್ರು ಕೊನೆಯ ಸಾಲು ಓದಿದರು: "ಇಷ್ಟೆತ್ತರ ಬಂದ ಮೇಲೂ ನಾನು ಆಕಾಶವನ್ನಲ್ಲ, ಪಕ್ಕದಲ್ಲಿ ಕೂತ ನಿನ್ನನ್ನೇ ನೋಡುತ್ತಿದ್ದೇನೆ."

"ಇದೊಂದೇ ಯಾಕಿಷ್ಟು ಉದ್ದ?" ಎಂದು ಕೇಳಿದೆ.

"ಕೂತಿದಾನೆ, ಉಸಿರು ಸಿಕ್ಕಿದೆ."

"ಅಷ್ಟೇನಾ?"

"ಅಲ್ಲ..." ಎಂದು ತಡೆದರು. "ಹೇಳೋಕೆ ಬಂದಿದ್ದೇ ಇದನ್ನ. ಧೈರ್ಯ ಸಾಲದೆ ಕಲ್ಲು, ತೊರೆ ಅಂತ ಸುತ್ತಿ ಬಳಸ್ತಿದ್ದ."

ನನಗಿನ್ನು ತಡೆಯಲಾಗಲಿಲ್ಲ.

"ಹಾಗಾದ್ರೆ ನಾನೂ ಹೇಳಿಬಿಡ್ತೀನಿ. ಈ ಸಲಾನೂ ಫೇಲಾಗಿಬಿಡ್ಲಿ ಅನ್ಸತ್ತೆ ನಂಗೆ. ಪಾಸಾದ್ರೆ ನೀವು ಸಿಗಲ್ವಲ್ಲ!"

ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ದಯವಿಟ್ಟು ಪಾಸಾಗಿ. ಫೇಲಾದ್ರೆ ಇನ್ನೊಂದು ವರ್ಷ ನಾನು ಬರೀ ಮೇಷ್ಟ್ರಾಗೇ ಇರ್ಬೇಕಾಗತ್ತೆ. ನನ್ನ ಕೈಲಾಗಲ್ಲ. ನಂಗೆ ನೀವು ಬೇಕು."

ಅವರ ಕೈಯಿಂದ ಪುಸ್ತಕ ಕಿತ್ತುಕೊಂಡೆ.

"ಮತ್ತೆ ಸುಮ್ನೆ ಕೂತಿದೀರಲ್ಲ! ಮುಂದಿನ ಪ್ರಶ್ನೆ ಕೇಳಿ!"