ಎದೆಗೆ ಕಟ್ಟುವ ಪಟ್ಟಿ

"ಹತ್ತಿರ ಬರಬೇಡ... ನಿಲ್ಲು!"

ಬೆಳಗಿನ ಓಟಕ್ಕೆ ಬಂದಿದ್ದ ಅವಳ ಕೂಗು ಕಾಲುವೆ ಏರಿಯ ಉದ್ದಕ್ಕೂ ಕೇಳಿಸಿತು. ಕೇಳಬೇಕಾಗಿದ್ದ ನಾಯಿಗೆ ಮಾತ್ರ ಕೇಳಿಸಲಿಲ್ಲ. ಕರುವಿನಷ್ಟು ಎತ್ತರದ ಕಪ್ಪು ನಾಯಿ. ಕೊರಳಲ್ಲಿ ಪಟ್ಟಿಯಿಲ್ಲ, ಹಗ್ಗವಿಲ್ಲ. ನೇರ ಅವಳತ್ತಲೇ ಓಡಿಬರುತ್ತಿತ್ತು.

ಅದರ ಹಿಂದೆ, ಬಹಳ ದೂರದಲ್ಲಿ, ಒಬ್ಬ ಗಂಡಸು. ನಾಯಿಯನ್ನು ಕೂಗಿ ಕರೆಯುವುದು ಬಿಟ್ಟು, ನಿಂತಲ್ಲೇ ಕೈಯೆತ್ತಿ ಬೀಸುತ್ತಿದ್ದ... ಹಳೆಯ ಗೆಳತಿಯನ್ನು ಕಂಡವನ ಹಾಗೆ.

'ಇಲ್ಲಿ ಜೀವ ಬಾಯಿಗೆ ಬಂದಿದೆ, ಇವನಿಗೆ ಸಲಿಗೆ ಬೇರೆ!'

ಹಿಂದಕ್ಕೆ ಸರಿಯಲು ಹೋಗಿ ಎಡವಿ ಬಿದ್ದಳು. ಮೊಣಕಾಲು ತರಚಿತು. ನಾಯಿ ಅವಳ ಶೂ ಮೂಸಿ, ಬಾಲ ಅಲ್ಲಾಡಿಸುತ್ತ ನಿಂತಿತು. ಅವನು ಏದುಸಿರು ಬಿಡುತ್ತ ಬಂದ.

"ಕ್ಷಮಿಸಿ... ಗುಂಡಣ್ಣ ಪಾಪದ್ದು, ಏನೂ ಮಾಡಲ್ಲ."

"ಅದು ನಿಮಗೆ ಗೊತ್ತು. ನನಗೆ ಹೇಗ್ರೀ ಗೊತ್ತಾಗಬೇಕು?"

ಅವನು ಬಗ್ಗಿ ನಾಯಿಯನ್ನು ಪಕ್ಕಕ್ಕೆ ಎಳೆದುಕೊಂಡ.

ಮರುದಿನ ಬೆಳಿಗ್ಗೆ ಶೂ ಕಟ್ಟಿಕೊಂಡಳು. ಬಾಗಿಲ ತನಕ ಬಂದಳು. ಹೊಸಿಲು ದಾಟಲು ಕಾಲೇ ಏಳಲಿಲ್ಲ. ಚಿಕ್ಕವಳಿದ್ದಾಗ ನಾಯಿ ಕಚ್ಚಿದ ನೋವು ಮತ್ತೆ ಎದ್ದು ಕೂತಿತ್ತು. ಮುಂದಿನ ತಿಂಗಳು ಅಗ್ನಿಶಾಮಕ ದಳದ ಓಟದ ಪರೀಕ್ಷೆ. ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ, ಇನ್ನೊಂದು ಅವಕಾಶವಿಲ್ಲ.

"ಹೋಗ್ಲಿ ಬಿಡು ಪುಟ್ಟಿ," ಎಂದರು ಅಮ್ಮ. "ಕೈಯಲ್ಲಿ ಹೊಲಿಗೆ ಕೆಲಸ ಇದೆಯಲ್ಲ."

ಸಮಾಧಾನದ ಮಾತೇ. ಆದರೆ ಮೊಣಕಾಲಿಗಿಂತ ಅದೇ ಹೆಚ್ಚು ಉರಿಯಿತು.

ಅವಳು ಕೆಲಸ ಮಾಡುತ್ತಿದ್ದುದು ಬ್ಯಾಗು ಹೊಲಿಯುವ ಅಂಗಡಿಯಲ್ಲಿ. ಆ ವಾರವೇ ಒಂದು ಮಧ್ಯಾಹ್ನ ಅವನು ಅಲ್ಲಿಗೆ ಬಂದ, ನಾಯಿಯ ಜೊತೆ. ಮೆಷಿನ್ ಮುಂದೆ ಕೂತಿದ್ದವಳನ್ನು ಕಂಡು, ನಾಯಿಯನ್ನು ತಬ್ಬಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟ.

"ಏನು ಬೇಕಿತ್ತಪ್ಪಾ?" ಅಂಗಡಿಯ ಒಡತಿ ಅಕ್ಕ ಕೇಳಿದರು.

"ಇದಕ್ಕೊಂದು ಪಟ್ಟಿ ಹೊಲಿಸಬೇಕಿತ್ತು. ಕೊರಳಿಗಲ್ಲ... ಎದೆಗೆ."

ಅವಳಿಗೆ ಸುಮ್ಮನಿರಲಾಗಲಿಲ್ಲ. "ಇಷ್ಟು ದಿನ ಇಲ್ಲದ್ದು ಈಗ್ಯಾಕೆ?"

"ನೀವು ಬಿದ್ರಲ್ಲ, ಅದಕ್ಕೆ."

ತಡವರಿಸುತ್ತಲೇ ಹೇಳಿದ. ಅವನದು ಕಲ್ಲು ಕ್ವಾರಿಯಲ್ಲಿ ಡ್ರಿಲ್ ಹಿಡಿಯುವ ಕೆಲಸ. "ಕಾವಲಿಗೆ ಅಂತ ಇದನ್ನ ಅಲ್ಲಿ ಸರಪಳೀಲಿ ಕಟ್ಟಿದ್ರು. ಬಂಡೆ ಸಿಡಿಸೋವಾಗ ನಾವೆಲ್ಲ ದೂರ ಓಡ್ತಿದ್ವಿ. ಇದು ಅಲ್ಲೇ ಇರ್ತಿತ್ತು. ಕಿವಿ ಹೋಯ್ತು, ಕೊರಳೆಲ್ಲ ಹುಣ್ಣಾಯ್ತು. ಮನೆಗೆ ತಂದಮೇಲೆ ಕಟ್ಟೋಕೆ ಮನಸ್ಸೇ ಬರ್ಲಿಲ್ಲ."

"ಮತ್ತೆ ಅವತ್ತು ಕೈ ಬೀಸಿದ್ದು?"

"ನಿಲ್ಲು ಅಂತ. ಡ್ರಿಲ್ ಸದ್ದಲ್ಲಿ ನಾವು ಕೈಯಲ್ಲೇ ಮಾತಾಡೋದು, ಅದನ್ನೇ ಇದಕ್ಕೂ ಕಲಿಸಿದೀನಿ. ಅದು ತಿರುಗಿ ನೋಡ್ಲೇ ಇಲ್ಲ."

'ಅಯ್ಯೋ, ನಾನು ಏನಂದುಕೊಂಡಿದ್ದೆ...' ಅವಳ ಕೆನ್ನೆ ಬಿಸಿಯಾಯಿತು. ಆದರೂ ಹೇಳಬೇಕಾದ್ದನ್ನು ಹೇಳಿಯೇಬಿಟ್ಟಳು.

"ನಿಮ್ಮ ಕನಿಕರ ದೊಡ್ಡದೇ. ಆದ್ರೆ ಅನುಭವಿಸಿದ್ದು ನಾನು. ಪರೀಕ್ಷೆ ಹತ್ತಿರ ಬಂತು, ಓಡೋದನ್ನೇ ನಿಲ್ಲಿಸಿ ಕೂತಿದೀನಿ."

ಅವನ ಮುಖ ಸಪ್ಪಗಾಯಿತು. "ತಪ್ಪು ನಂದೇ," ಎಂದ. ಆದರೆ-ಗೀದರೆ ಏನೂ ಸೇರಿಸಲಿಲ್ಲ. ಅವಳ ಸಿಟ್ಟು ಅರ್ಧ ಇಳಿದದ್ದು ಅಲ್ಲೇ.

"ಅಳತೆ ತಗೋಬೇಕಲ್ಲ," ಎಂದರು ಅಕ್ಕ, ಕತ್ತರಿಯಿಂದ ಕಣ್ಣೆತ್ತದೆ. "ನನಗೆ ಸೊಂಟ ಬಗ್ಗಲ್ಲ. ನೀನೇ ತಗೋ ತಾಯಿ."

ಅವಳು ಟೇಪು ಹಿಡಿದು ಎರಡು ಹೆಜ್ಜೆ ದೂರದಲ್ಲೇ ನಿಂತಳು. ಅವನು ಮಂಡಿಯೂರಿ ಗುಂಡಣ್ಣನ ಬೆನ್ನ ಮೇಲೆ ಅಂಗೈ ಇಟ್ಟುಕೊಂಡ. "ನಿಧಾನವಾಗಿ. ನಿಮಗೆ ಸಾಕು ಅನ್ನಿಸಿದ್ರೆ ಬಿಟ್ಟುಬಿಡಿ."

ಕೊರಳ ಸುತ್ತ ಬಳೆಯ ಹಾಗೆ ಕೂದಲಿಲ್ಲದ ಗುರುತು, ಗುಲಾಬಿ ಚರ್ಮ. ಅದನ್ನು ಕಂಡು ಅವಳ ಕಣ್ಣು ತುಂಬಿತು. ಸಂಜೆಯವರೆಗೆ ಕೂತು ಹೊಲಿದಳು, ಒಳಗೆ ಮೆತ್ತನೆ ಬಟ್ಟೆ ಕೊಟ್ಟು, ಒಂದು ಹೊಲಿಗೆಯೂ ಮೈಗೆ ತಾಗದ ಹಾಗೆ.

ಮರುದಿನದಿಂದ ಅವಳು ಮತ್ತೆ ಓಡಲು ಬಂದಳು. ಏರಿಯ ಮೇಲೆ ಅವನು ಎದೆಪಟ್ಟಿಯ ಹಗ್ಗ ಬಿಗಿಹಿಡಿದು, ಅವಳು ದಾಟುವ ತನಕ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಮೊದಮೊದಲು ಅವಳು ಉಸಿರು ಬಿಗಿಹಿಡಿದು ದಾಟಿದಳು. ಆಮೇಲೆ ತಲೆಯಾಡಿಸಿದಳು. ಆಮೇಲೆ ಓಟ ಮುಗಿಸಿ ನಿಂತು ಮಾತಾಡುವುದೂ ರೂಢಿಯಾಯಿತು. ಅವನು ಕಾಣದ ಬೆಳಿಗ್ಗೆ ಯಾಕೋ ಓಟವೇ ಸಾಗುತ್ತಿರಲಿಲ್ಲ.

ಫಲಿತಾಂಶ ಬಂದ ಮರುದಿನ ಅವಳು ಓಡಲಿಲ್ಲ, ನಡೆದೇ ಬಂದಳು.

"ಪಾಸಾದೆ."

ಅವನ ಮುಖ ಅರಳಿತು, ಹಾಗೆಯೇ ಮೆಲ್ಲಗೆ ಬಾಡಿತು. "ಇನ್ನು ಈ ಕಡೆ ಬರಲ್ಲ ಅಲ್ವಾ?"

"ಬರಬಾರದಾ?"

"ಬರಬೇಕು." ಅವನು ನೆಲ ನೋಡಿದ. "ಮೊದಲು ಗುಂಡಣ್ಣನಿಗೋಸ್ಕರ ಬರ್ತಿದ್ದೆ. ಈಗ ಅವನು ಬರೀ ನೆಪ. ನೀವಂದ್ರೆ ನನಗೆ ತುಂಬಾ ಇಷ್ಟ... ಹೇಳದೆ ಇರೋಕೆ ಆಗ್ತಿಲ್ಲ."

ಓಟದ ದಿನವೂ ಅವಳ ಎದೆ ಇಷ್ಟು ಹೊಡೆದುಕೊಂಡಿರಲಿಲ್ಲ. ಕೈ ಚಾಚಿದಳು.

"ಕೊಡಿ ಇಲ್ಲಿ."

"ಏನನ್ನ?"

"ಹಗ್ಗ. ಇವತ್ತು ನಾನು ಹಿಡ್ಕೋತೀನಿ."

"ಭಯ ಇಲ್ವಾ?"

"ಇದೆ," ಎಂದಳು. ಹಗ್ಗದ ಮೇಲಿದ್ದ ಅವನ ಕೈಯ ಪಕ್ಕದಲ್ಲೇ ತನ್ನ ಕೈಯಿಟ್ಟಳು. "ಅದಕ್ಕೇ, ನೀವೂ ಬಿಡಬೇಡಿ."

"ಬಿಡಲ್ಲ."